ಮಂಗಳೂರಿನಿಂದ ದಿಬ್ರುಗಢ: 2,640 ಕಿಲೋಮೀಟರ್ ಎಂದರೆ ಎಷ್ಟು ಹೊತ್ತಿನ ಹಾದಿ?

ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ಮೇಲಣ ಅಸ್ಸಾಮಿನ ದಿಬ್ರುಗಢಕ್ಕೆ, ಅಂದರೆ ಅಲ್ಲಿನ ಮೋಹನ್‌ಬಾರಿ ವಿಮಾನ ನಿಲ್ದಾಣಕ್ಕೆ, ನೇರಗೆರೆಯ ದೂರ 2,640 ಕಿ.ಮೀ. ಜೆಟ್ ವಿಮಾನ ಎಲ್ಲೂ ಇಳಿಯದೆ ಹಾರಿದರೆ ಮೂರೂಮುಕ್ಕಾಲು ಗಂಟೆಯ ಹಾದಿ. ಆದರೆ ಈ ಎರಡು ಊರುಗಳ ನಡುವೆ ನೇರ ವಿಮಾನವಿಲ್ಲ. ಮನೆಯ ಬಾಗಿಲಿನಿಂದ ಲೆಕ್ಕ ಹಾಕಿದರೆ ಹನ್ನೆರಡು ಹದಿಮೂರು ಗಂಟೆ ಹಿಡಿಯುತ್ತದೆ, ಒಂದು ಕೊಂಡಿ ವಿಮಾನ ತಪ್ಪಿದರೆ ನಡುವೆ ಒಂದು ರಾತ್ರಿಯೂ ಸೇರಿಕೊಳ್ಳುತ್ತದೆ. ಅಂತರ್ಜಾಲದಲ್ಲಿ ದೂರ ಹುಡುಕಿದವರಿಗೆ ಸಿಗುವುದು ಮೊದಲ ಉತ್ತರ. ಟಿಕೆಟ್ ತೆಗೆದವರ ಅನುಭವಕ್ಕೆ ಬರುವುದು ಎರಡನೆಯದು. ಎರಡೂ ಸರಿಯಾದ ಲೆಕ್ಕಗಳೇ. ಒಂದು ಇನ್ನೊಂದಾಗಿ ಬದಲಾಗುವುದು ಎಲ್ಲಿ ಎಂದು ಗೊತ್ತಿದ್ದರೆ ಪ್ರಯಾಣ ಯೋಜಿಸುವುದು ಸುಲಭ.

ಈ ದಾರಿಯಲ್ಲಿ ಓಡಾಡುವವರು ಕಡಿಮೆಯೇನಲ್ಲ. ಈಶಾನ್ಯದಲ್ಲಿ ನಿಯೋಜನೆಗೊಂಡ ಕರಾವಳಿ ಮತ್ತು ಕೊಡಗಿನ ಯೋಧರಿದ್ದಾರೆ, ದುಲಿಯಾಜಾನ್ ಮತ್ತು ದಿಗ್ಬೊಯಿಯ ತೈಲೋದ್ಯಮಕ್ಕೆ ಹೋಗುವವರಿದ್ದಾರೆ. ಎದುರು ದಿಕ್ಕಿನಿಂದ ಮಲೆನಾಡಿನ ಕಾಫಿ ತೋಟಗಳಿಗೆ, ಕರಾವಳಿಯ ಹೋಟೆಲುಗಳಿಗೆ ದುಡಿಯಲು ಬರುವ ಅಸ್ಸಾಮಿನ ಜನರಿದ್ದಾರೆ.

ದೂರದ ಲೆಕ್ಕ, ಕಾಗದ ಪೆನ್ಸಿಲಿನಲ್ಲಿ

ಬೇಕಾದದ್ದು ನಾಲ್ಕೇ ಸಂಖ್ಯೆ. ಮಂಗಳೂರು ವಿಮಾನ ನಿಲ್ದಾಣ ಇರುವುದು 12.9613 ಡಿಗ್ರಿ ಉತ್ತರ ಅಕ್ಷಾಂಶ, 74.8900 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದಿಬ್ರುಗಢದ್ದು 27.4839 ಉತ್ತರ, 95.0169 ಪೂರ್ವ.

ಒಂದು ಡಿಗ್ರಿ ಅಕ್ಷಾಂಶ ಎಂದರೆ ಭೂಮಿಯ ಮೇಲೆ ಎಲ್ಲೇ ಆದರೂ ಹೆಚ್ಚುಕಡಿಮೆ 111.2 ಕಿ.ಮೀ. ಎರಡು ನಿಲ್ದಾಣಗಳ ಅಕ್ಷಾಂಶದ ಅಂತರ 14.52 ಡಿಗ್ರಿ, ಗುಣಿಸಿದರೆ ಉತ್ತರ ದಿಕ್ಕಿಗೆ 1,615 ಕಿ.ಮೀ. ರೇಖಾಂಶದ ಅಂತರ 20.13 ಡಿಗ್ರಿ. ಆದರೆ ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಅದನ್ನು 111.2ರಿಂದ ನೇರವಾಗಿ ಗುಣಿಸುವಂತಿಲ್ಲ. ಎರಡು ಊರುಗಳ ಸರಾಸರಿ ಅಕ್ಷಾಂಶ 20.22 ಡಿಗ್ರಿ. ಅದರ ಕೊಸೈನ್ 0.938. ಹಾಗಾಗಿ ಈ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ 104.3 ಕಿ.ಮೀ.; 20.13ರಿಂದ ಗುಣಿಸಿದರೆ ಪೂರ್ವಕ್ಕೆ 2,100 ಕಿ.ಮೀ. ಇನ್ನುಳಿದದ್ದು ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ. 1,615ರ ವರ್ಗ, 2,100ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸಿಗುವುದು 2,649.

ನಿಜವಾದ ಗೋಳದ ಲೆಕ್ಕಕ್ಕೆ ಬಳಸುವುದು ಹ್ಯಾವರ್‌ಸೈನ್ ಸೂತ್ರ. ಹೆಸರು ಹೊಸದೆನಿಸಿದರೂ ಅದರ ಒಳಗಿರುವುದು ಸೂರ್ಯಸಿದ್ಧಾಂತದಂಥ ನಮ್ಮ ಹಳೆಯ ಗ್ರಂಥಗಳು ಉತ್ಕ್ರಮಜ್ಯಾ ಎಂದು ಕರೆದ ಪ್ರಮಾಣದ (ಒಂದರಿಂದ ಕೊಸೈನ್ ಕಳೆದದ್ದು) ಅರ್ಧ. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡು ಈ ಸೂತ್ರ ಹಾಕಿದರೆ 2,642 ಬರುತ್ತದೆ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಕೊಂಚ ಚಪ್ಪಟೆ. ಅದನ್ನೂ ಸರಿದೂಗಿಸಿದರೆ 2,640ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ ಪೆನ್ಸಿಲಿನ ಲೆಕ್ಕ ತಪ್ಪಿದ್ದು ಹತ್ತು ಕಿಲೋಮೀಟರಿಗಿಂತ ಕಡಿಮೆ, ಜೆಟ್ ವಿಮಾನಕ್ಕೆ ಅದು ಮುಕ್ಕಾಲು ನಿಮಿಷದ ದೂರ. ಎರಡು ಸಾವಿರ ಚಿಲ್ಲರೆ ಕಿಲೋಮೀಟರಿನ ಒಳಗೆ, ನಮ್ಮ ಅಕ್ಷಾಂಶಗಳಲ್ಲಿ, ಈ ಸರಳ ವಿಧಾನವನ್ನು ಧೈರ್ಯವಾಗಿ ನಂಬಬಹುದು.

ವಿಮಾನ ಹಾರುವುದು ನೆಲಕ್ಕಿಂತ ಹನ್ನೊಂದು ಕಿಲೋಮೀಟರ್ ಮೇಲೆ, ಹಾಗಿದ್ದರೆ ದೂರ ಹೆಚ್ಚಾಗುವುದಿಲ್ಲವೇ ಎಂದು ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಹೆಚ್ಚಾಗುತ್ತದೆ, ಆದರೆ ಇಡೀ ದಾರಿಗೆ ಐದು ಕಿಲೋಮೀಟರಿನಷ್ಟು ಮಾತ್ರ.

ಲೆಕ್ಕ ತಪ್ಪುವುದು ಸೂತ್ರದಲ್ಲಲ್ಲ, ಅದಕ್ಕೆ ಕೊಡುವ ಸಂಖ್ಯೆಗಳಲ್ಲಿ. ವಿಮಾನಯಾನದ ದಾಖಲೆಗಳಲ್ಲಿ ಸ್ಥಾನವನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಬರೆಯುತ್ತಾರೆ. ಮಂಗಳೂರಿನ ಅಕ್ಷಾಂಶ ಅಲ್ಲಿ 12 ಡಿಗ್ರಿ 57 ಮಿನಿಟು 41 ಸೆಕೆಂಡು. ಇದನ್ನು 12.5741 ಎಂದು ಬರೆದುಕೊಂಡರೆ ನಿಲ್ದಾಣ 43 ಕಿ.ಮೀ. ದಕ್ಷಿಣಕ್ಕೆ, ಕಾಸರಗೋಡಿನ ಕಡೆಗೆ ಜಾರಿಬಿಡುತ್ತದೆ. ಮಿನಿಟುಗಳನ್ನು 60ರಿಂದ, ಸೆಕೆಂಡುಗಳನ್ನು 3,600ರಿಂದ ಭಾಗಿಸಿ ಕೂಡಿಸಿದರೆ ಮಾತ್ರ 12.9613 ಬರುತ್ತದೆ.

ಅಳತೆಯ ಮಾನದ್ದು ಇನ್ನೊಂದು ಗೋಜಲು. ಇದೇ ದೂರ ಕಿಲೋಮೀಟರಿನಲ್ಲಿ 2,640, ಸಾಮಾನ್ಯ ಮೈಲಿಯಲ್ಲಿ 1,640, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 1,425. ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ., ಅಕ್ಷಾಂಶದ ಒಂದು ಮಿನಿಟಿನ ಉದ್ದ. ಬರೀ ‘ಮೈಲಿ’ ಎಂದು ಬರೆದಿದ್ದರೆ ಯಾವ ಮೈಲಿ ಎಂದು ನೋಡದೆ ಮುಂದುವರಿಯಬೇಡಿ, ಎರಡರ ನಡುವೆ ಶೇ. 15ರ ಅಂತರವಿದೆ. ಊರಿನ ಹೆಸರೂ ಕೈಕೊಡಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮ್ಯಾಂಗಲೋರ್ ಎಂಬ ಹಳ್ಳಿಯಿದೆ, ಅಲ್ಲೊಂದು ಪುಟ್ಟ ವಿಮಾನ ನಿಲ್ದಾಣವೂ ಇದೆ. ಆದ್ದರಿಂದ ಹೆಸರಿನ ಬದಲು ಸಂಕೇತಾಕ್ಷರ ಕೊಟ್ಟು ಹುಡುಕುವುದು ಕ್ಷೇಮ. ನಮ್ಮ ಮಂಗಳೂರಿಗೆ ಐಎಕ್ಸ್‌ಇ, ದಿಬ್ರುಗಢಕ್ಕೆ ಡಿಐಬಿ.

ಗೆರೆ ಎಲ್ಲೆಲ್ಲಿ ಹಾದುಹೋಗುತ್ತದೆ

ಭೂಗೋಳದ ಮಾದರಿಯ ಮೇಲೆ ಎರಡು ಊರುಗಳ ನಡುವೆ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಆ ನೂಲು ಕೂರುವ ದಾರಿಯೇ ಅತಿ ಹತ್ತಿರದ ದಾರಿ, ಮಹಾವೃತ್ತದ ಒಂದು ತುಂಡು. ಬಜ್ಪೆಯಿಂದ ಅದು ಉತ್ತರಕ್ಕೆ 49 ಡಿಗ್ರಿ ಪೂರ್ವವಾಗಿ, ಹೆಚ್ಚುಕಡಿಮೆ ನಟ್ಟ ಈಶಾನ್ಯಕ್ಕೆ ಹೊರಡುತ್ತದೆ. ಪಶ್ಚಿಮಘಟ್ಟ ದಾಟಿ ತರೀಕೆರೆ, ಚಿತ್ರದುರ್ಗಗಳ ನೆತ್ತಿಯ ಮೇಲೆ ಸಾಗಿ ಕರ್ನಾಟಕ ಬಿಡುತ್ತದೆ. ಕಾಲುಭಾಗ ಮುಗಿಯುವುದು ತೆಲಂಗಾಣದ ಮಿರ್ಯಾಲಗೂಡದ ಬಳಿ. ಸರಿಯಾಗಿ ಅರ್ಧದಾರಿ ಒಡಿಶಾದ ಫುಲ್ಬನಿಯ ಹತ್ತಿರ, ಕಂಧಮಾಲ್ ಗುಡ್ಡಗಳ ಸೀಮೆಯಲ್ಲಿ. ಮುಂದೆ ಪಶ್ಚಿಮ ಬಂಗಾಳದ ಮೇದಿನಿಪುರದ ಪಕ್ಕದಿಂದ ಹಾದು, ಮುಕ್ಕಾಲು ದಾರಿಗೆ ಬಾಂಗ್ಲಾದೇಶದ ಪಬನಾ ಪ್ರದೇಶ ಸೇರಿ, ಶಿಲ್ಲಾಂಗ್ ಬೆಟ್ಟ ಹತ್ತಿ, ಬ್ರಹ್ಮಪುತ್ರದ ನಡುಗಡ್ಡೆ ಮಾಜುಲಿಯ ಆಸುಪಾಸಿನಿಂದ ದಿಬ್ರುಗಢಕ್ಕೆ ಇಳಿಯುತ್ತದೆ. ಕೊನೆಗೆ ಮುಟ್ಟುವಾಗ ದಿಕ್ಕು 56 ಡಿಗ್ರಿಗೆ ತಿರುಗಿರುತ್ತದೆ. ಎಲ್ಲೂ ವಾಲದೆ ನೇರ ಹೋದ ಗೆರೆಯ ದಿಕ್ಕು ಏಳು ಡಿಗ್ರಿ ಬದಲಾದದ್ದು ಭೂಮಿಯ ಗೋಳಾಕಾರದಿಂದ.

ಮಹಾವೃತ್ತದ ಮಾತು ಬಂದಾಗ ನಕಾಶೆಯ ನೇರಗೆರೆ ಸುಳ್ಳು ಹೇಳುತ್ತದೆ ಎನ್ನುವುದು ವಾಡಿಕೆ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಅದು ನಿಜ. 2021ರ ಜನವರಿಯಲ್ಲಿ ಆ ಮಾರ್ಗದ ಮೊದಲ ಏರ್ ಇಂಡಿಯಾ ವಿಮಾನವನ್ನು ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನಿಂದಲೇ ತಂದಿತು. ನಮ್ಮ ಗೆರೆಗೆ ಆ ಮಾತು ಅನ್ವಯಿಸುವುದಿಲ್ಲ. ದಿಕ್ಸೂಚಿಯ ಒಂದೇ ಕೋನ ಹಿಡಿದು ಕೊನೆಯವರೆಗೂ ಹೋದರೂ ಮಹಾವೃತ್ತಕ್ಕಿಂತ ಹೆಚ್ಚಾಗುವುದು ಎರಡು ಕಿಲೋಮೀಟರಿಗಿಂತ ಕಡಿಮೆ. ಭಾರತದೊಳಗಿನ ದೂರಗಳಿಗೆ ನಕಾಶೆ ಮತ್ತು ಅಳತೆಪಟ್ಟಿ ಸಾಕು.

ಗೆರೆ ಬಾಂಗ್ಲಾದೇಶದ ಮೇಲೆ ಹಾದುಹೋಗುತ್ತದೆ ಎಂಬುದು ಇಲ್ಲಿನ ಮುಖ್ಯ ಸಂಗತಿ. ಕೋಲ್ಕತ್ತದಿಂದ ಈಶಾನ್ಯಕ್ಕೆ ಹೋಗುವ ನಮ್ಮ ವಿಮಾನಗಳು ಆ ದೇಶದ ವಾಯುಪ್ರದೇಶವನ್ನು ಶುಲ್ಕ ಕೊಟ್ಟು ಬಳಸುತ್ತವೆ. ಬಳಸದೆ ಉತ್ತರ ಬಂಗಾಳದ ಬಾಗ್ಡೋಗ್ರಾ ಸುತ್ತಿಕೊಂಡು ಹೋದರೆ ಕೋಲ್ಕತ್ತ–ದಿಬ್ರುಗಢದ 850 ಕಿ.ಮೀ. ದಾರಿ 1,115ರ ಮೇಲಾಗುತ್ತದೆ. ರೈಲಿಗಾದರೋ ಈ ಆಯ್ಕೆಯಿಲ್ಲ. ನೇಪಾಳ, ಬಾಂಗ್ಲಾದೇಶಗಳ ನಡುವೆ ಸಿಲಿಗುರಿಯ ಇಕ್ಕಟ್ಟಾದ ಕೊರಳಿನಲ್ಲೇ ಅದು ನುಸುಳಬೇಕು. ಕನ್ಯಾಕುಮಾರಿ–ದಿಬ್ರುಗಢ ವಿವೇಕ್ ಎಕ್ಸ್‌ಪ್ರೆಸ್ ದೇಶದ ಅತಿ ಉದ್ದದ ರೈಲು ಮಾರ್ಗವಾದದ್ದಕ್ಕೆ ಈ ಸುತ್ತೂ ಒಂದು ಕಾರಣ: ಆ ಎರಡು ತುದಿಗಳ ನೇರ ದೂರ 2,835 ಕಿ.ಮೀ. ಆಸುಪಾಸು, ಹಳಿಯ ದೂರ ಸುಮಾರು 4,200, ಹಿಡಿಯುವ ಹೊತ್ತು 75 ಗಂಟೆಯಷ್ಟು. ಮಂಗಳೂರಿನವರು ಈ ರೈಲು ಹಿಡಿಯಬೇಕಾದರೆ ಪಾಲಕ್ಕಾಡಿಗೋ ಕೊಯಮತ್ತೂರಿಗೋ ಹೋಗಬೇಕು.

ಗಂಟೆಗೆ 800, ಮೇಲೊಂದು ಅರ್ಧ ಗಂಟೆ

ಎ320, ಬೋಯಿಂಗ್ 737ರಂಥ ವಿಮಾನಗಳು ಎತ್ತರದಲ್ಲಿ ಗಂಟೆಗೆ 830 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತವೆ. 2,640ನ್ನು 830ರಿಂದ ಭಾಗಿಸಿದರೆ 3 ಗಂಟೆ 11 ನಿಮಿಷ. ಆದರೆ ವಿಮಾನ ಬಾಗಿಲು ಮುಚ್ಚಿದ ಕ್ಷಣದಿಂದಲೇ ಆ ವೇಗದಲ್ಲಿ ಹೋಗುವುದಿಲ್ಲ. ನಿಂತ ಜಾಗದಿಂದ ಹಿಂದಕ್ಕೆ ತಳ್ಳಿಸಿಕೊಂಡು, ರನ್‌ವೇ ತುದಿಗೆ ಉರುಳಿ, ಸರದಿ ಕಾದು ಏರಬೇಕು. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಇಳಿಯುವ ಮುನ್ನ ರನ್‌ವೇಗೆ ಎದುರಾಗಲು ಒಂದು ಸುತ್ತು ಬರಬೇಕು, ವಾಯುಮಾರ್ಗಗಳೂ ನೂಲು ಎಳೆದಷ್ಟು ನೇರವಾಗಿರುವುದಿಲ್ಲ. ಇವೆಲ್ಲ ಸೇರಿ ಅರ್ಧ ಗಂಟೆ ಹಿಡಿಯುತ್ತವೆ. ಈ ಅರ್ಧ ಗಂಟೆ ಹಾರಾಟ ಚಿಕ್ಕದಿರಲಿ ದೊಡ್ಡದಿರಲಿ ಹೆಚ್ಚುಕಡಿಮೆ ಒಂದೇ.

ಹಾಗಾಗಿ ಅಂದಾಜಿಗೆ ಒಂದು ಸೂತ್ರ ಇಟ್ಟುಕೊಳ್ಳಬಹುದು: ದೂರವನ್ನು 830ರ ಬದಲು ದುಂಡು ಸಂಖ್ಯೆ 800ರಿಂದ ಭಾಗಿಸಿ, ಬಂದ ಗಂಟೆಗಳಿಗೆ 30 ನಿಮಿಷ ಸೇರಿಸಿ. ಮಂಗಳೂರು–ದಿಬ್ರುಗಢಕ್ಕೆ ಇದು 3 ಗಂಟೆ 48 ನಿಮಿಷ ಕೊಡುತ್ತದೆ. ಟಿಕೆಟ್ಟಿನಲ್ಲಿ ಅಚ್ಚಾಗುವುದು ಈ ಬಗೆಯ ಹೊತ್ತು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ಜಾಗದಿಂದ ಕದಲಿದ್ದರಿಂದ ಹಿಡಿದು ಇನ್ನೊಂದು ಊರಿನಲ್ಲಿ ನಿಂತು ಚಕ್ರಕ್ಕೆ ತಡೆ ಇಡುವವರೆಗಿನ ಹೊತ್ತು ಅದು. ದಟ್ಟಣೆಯ ನಿಲ್ದಾಣಗಳಿಗೆ ವಿಮಾನ ಸಂಸ್ಥೆಗಳು ಇನ್ನೂ ಹತ್ತು ಹದಿನೈದು ನಿಮಿಷ ಸೇರಿಸಿಟ್ಟುಕೊಳ್ಳುತ್ತವೆ.

ಎಟಿಆರ್ 72ರಂಥ ಪ್ರೊಪೆಲರ್ ವಿಮಾನಕ್ಕೆ ಈ ಸೂತ್ರ ಹೊಂದುವುದಿಲ್ಲ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ತುಂಬು ಪ್ರಯಾಣಿಕರೊಂದಿಗೆ ಒಂದೇ ಹಾರಾಟದಲ್ಲಿ ಕ್ರಮಿಸಬಲ್ಲದ್ದು ಸುಮಾರು 1,400ರಿಂದ 1,500 ಕಿ.ಮೀ. ಇಷ್ಟು ದೂರದ ದಾರಿ ಅದರ ಕೈಗೆ ಎಟುಕದು.

ಗಾಳಿಯ ಪಾಲು

ವಿಮಾನದ ವೇಗ ಗಾಳಿಗೆ ಸಾಪೇಕ್ಷ, ನಮಗೆ ಬೇಕಾದದ್ದು ನೆಲಕ್ಕೆ ಸಾಪೇಕ್ಷವಾದ ವೇಗ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆ ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್. ನಮ್ಮ ಗೆರೆ ಈಶಾನ್ಯಕ್ಕೆ ಓರೆಯಾಗಿರುವುದರಿಂದ ಪಶ್ಚಿಮದ ಗಾಳಿ ಪೂರ್ತಿ ಬೆನ್ನಿಗೆ ಬೀಳುವುದಿಲ್ಲ. ಗಂಟೆಗೆ 100 ಕಿ.ಮೀ. ಗಾಳಿಯಿದ್ದರೆ ಮುಂದಕ್ಕೆ ತಳ್ಳುವುದು 80, ಉಳಿದದ್ದು ಪಕ್ಕಕ್ಕೆ ತಳ್ಳುತ್ತದೆ. ಗಾಳಿ ಜೋರಾಗಿ ಸಿಗುವುದೂ ದಾರಿಯ ಉತ್ತರಾರ್ಧದಲ್ಲಿ ಮಾತ್ರ. ಇಡೀ ದಾರಿಗೆ ಸರಾಸರಿ 50 ಕಿ.ಮೀ. ಬೆಂಬಲ ಸಿಕ್ಕಿತು ಎಂದುಕೊಳ್ಳಿ. ಹೋಗುವಾಗ ನೆಲದ ವೇಗ 880 ಆಗಿ, ಏರಿಳಿತದ ಅರ್ಧ ಗಂಟೆ ಬಿಟ್ಟು, ಸರಿಯಾಗಿ 3 ಗಂಟೆ. ಬರುವಾಗ 780 ಆಗಿ 3 ಗಂಟೆ 23 ನಿಮಿಷ. ಒಂದೇ ದೂರ, 23 ನಿಮಿಷದ ವ್ಯತ್ಯಾಸ.

ಮಳೆಗಾಲದಲ್ಲಿ ಚಿತ್ರ ತಿರುಗುತ್ತದೆ. ಆಗ ದಕ್ಷಿಣ ಭಾರತದ ಮೇಲ್ಪದರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಗಾಳಿ ಬೀಸುತ್ತದೆ. ಅದರ ಅತಿ ಬಿರುಸಿನ ಭಾಗ ವಿಮಾನಗಳಿಗಿಂತ ಎತ್ತರದಲ್ಲಿದ್ದರೂ ದಾರಿಯ ದಕ್ಷಿಣಾರ್ಧದಲ್ಲಿ ಹೋಗುವವರಿಗೆ ಎದುರುಗಾಳಿ, ಬರುವವರಿಗೆ ಬೆಂಬಲ. ಜುಲೈಯಲ್ಲಿ ನೆಲಮಟ್ಟದಲ್ಲಿ ಬಜ್ಪೆಗೆ ಬಡಿಯುವ ಪಡುವಣ ಗಾಳಿ ನೋಡಿ ಮೇಲೆಯೂ ಹಾಗೆಯೇ ಇದ್ದೀತು ಎಂದು ಎಣಿಸುವಂತಿಲ್ಲ, ಮೇಲೆ ಅದು ತೀರಾ ತಿರುವುಮುರುವು.

ನೇರ ವಿಮಾನ ಏಕಿಲ್ಲ

ತಾಂತ್ರಿಕ ಅಡ್ಡಿ ಯಾವುದೂ ಇಲ್ಲ. ಮಂಗಳೂರಿನ ಮುಖ್ಯ ರನ್‌ವೇ 2,450 ಮೀಟರ್ ಉದ್ದವಿದೆ. ಎ320ಕ್ಕೆ 2,640 ಕಿ.ಮೀ. ಅದರ ಹಾರುವ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ ದೂರ. ದಿಬ್ರುಗಢದ ಮೋಹನ್‌ಬಾರಿಯಂತೂ ಎರಡನೆಯ ಮಹಾಯುದ್ಧದಲ್ಲಿ ಹಿಮಾಲಯ ದಾಟಿ ಚೀನಾಕ್ಕೆ ಸರಕು ಸಾಗಿಸಿದ ವಿಮಾನಗಳ ನೆಲೆಯಾಗಿದ್ದ ಜಾಗ.

ಅಡ್ಡಿ ಇರುವುದು ಪ್ರಯಾಣಿಕರ ಸಂಖ್ಯೆಯಲ್ಲಿ. ಇಂಥ ವಿಮಾನದಲ್ಲಿ 180ರಷ್ಟು ಆಸನಗಳು. ಇಂಧನ ಗಂಟೆಗೆ ಎರಡರಿಂದ ಎರಡೂವರೆ ಟನ್. ಇದನ್ನು ದಿನವೂ ತುಂಬಿಸುವಷ್ಟು ಜನ ಬಜ್ಪೆಯಿಂದ ದಿಬ್ರುಗಢಕ್ಕೇ ಹೋಗುವವರು ಬೇಕು. ಅದೇ ವಿಮಾನವನ್ನು ಬೆಂಗಳೂರು–ಕೋಲ್ಕತ್ತ ನಡುವೆ ಹಾರಿಸಿದರೆ ಮಂಗಳೂರು, ಹುಬ್ಬಳ್ಳಿ, ಕೊಚ್ಚಿಯಿಂದ ಬಂದವರೂ ದಿಬ್ರುಗಢ, ಇಂಫಾಲ, ಅಗರ್ತಲಾಕ್ಕೆ ಹೋಗುವವರೂ ಒಂದೇ ವಿಮಾನ ತುಂಬುತ್ತಾರೆ. ಹತ್ತು ಊರುಗಳನ್ನು ಒಂದಕ್ಕೊಂದು ನೇರವಾಗಿ ಬೆಸೆಯಲು 45 ಮಾರ್ಗ ಬೇಕು. ಅವುಗಳಲ್ಲಿ ಒಂದನ್ನು ಕೇಂದ್ರವಾಗಿಸಿದರೆ 9 ಸಾಕು.

ಸರ್ಕಾರದ ನಿಯಮಗಳೂ ಈ ರಚನೆಯನ್ನೇ ಗಟ್ಟಿಗೊಳಿಸಿವೆ. 1994ರಿಂದ ಜಾರಿಯಲ್ಲಿರುವ ಮಾರ್ಗ ಹಂಚಿಕೆ ನಿಯಮದ ಪ್ರಕಾರ ವಿಮಾನ ಸಂಸ್ಥೆಗಳು ಮಹಾನಗರಗಳ ನಡುವಿನ ಮುಖ್ಯ ಮಾರ್ಗಗಳಲ್ಲಿ ಹಾರಿಸುವ ಸಾಮರ್ಥ್ಯಕ್ಕೆ ತಕ್ಕಂತೆ ಕನಿಷ್ಠ ಶೇ. 10ರಷ್ಟನ್ನು ಈಶಾನ್ಯ, ಜಮ್ಮು–ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳಂಥ ಮಾರ್ಗಗಳಲ್ಲಿ ಹಾರಿಸಬೇಕು. ಇದು ದಿಬ್ರುಗಢದಂಥ ಊರನ್ನು ಗುವಾಹಟಿ, ಕೋಲ್ಕತ್ತಗಳ ಜೊತೆ ಜೋಡಿಸಿಡಲು ನೆರವಾಗುತ್ತದೆ. ಸಣ್ಣ ಊರುಗಳಿಗೆ ವಿಮಾನ ಸೇವೆ ಒದಗಿಸುವ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಹಾರಿತು. ಅದರ ಆರಂಭದ ದರಮಿತಿ, 2,500 ರೂಪಾಯಿ, ಗಂಟೆಯೊಳಗಿನ ಸುಮಾರು 500 ಕಿ.ಮೀ. ಹಾರಾಟಕ್ಕೆ ನಿಗದಿಯಾದದ್ದು. ಹತ್ತಿರದ ಊರುಗಳ ಯೋಜನೆ ಅದು. ದೂರದ ಎರಡು ಸಣ್ಣ ಊರುಗಳನ್ನು ಬೆಸೆಯುವ ಹೊಣೆ ಯಾರ ಪಾಲಿಗೂ ಬಿದ್ದಿಲ್ಲ.

ಹತ್ತಿರದ ದಾರಿಯೇ ಬೇಗ ಮುಟ್ಟಿಸದು

ಈಗ ಟಿಕೆಟ್ ತೆಗೆಯುವವರ ಲೆಕ್ಕಕ್ಕೆ ಬರೋಣ. ಮಂಗಳೂರಿನಿಂದ ಬೆಂಗಳೂರಿಗೆ 305 ಕಿ.ಮೀ., ಬೆಂಗಳೂರಿನಿಂದ ಕೋಲ್ಕತ್ತಕ್ಕೆ 1,545, ಕೋಲ್ಕತ್ತದಿಂದ ದಿಬ್ರುಗಢಕ್ಕೆ 850. ಒಟ್ಟು 2,700 ಕಿ.ಮೀ. ನೇರಗೆರೆಗಿಂತ ಹೆಚ್ಚಾದದ್ದು ಅರವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಕಾರಣ, ಆ ನೇರಗೆರೆ ಕೋಲ್ಕತ್ತ ನಿಲ್ದಾಣದಿಂದ ಅರವತ್ತು ಕಿಲೋಮೀಟರಿನೊಳಗೇ ಹಾದುಹೋಗುತ್ತದೆ. ಕೋಲ್ಕತ್ತದ ಬದಲು ಬೆಂಗಳೂರಿನಿಂದ ಗುವಾಹಟಿಗೆ ಹೋಗಿ ಅಲ್ಲಿಂದ ದಿಬ್ರುಗಢಕ್ಕೆ ಹೋದರೂ ಒಟ್ಟು 2,720ರ ಆಸುಪಾಸು. ದೂರದ ಲೆಕ್ಕದಲ್ಲಿ ಎರಡೂ ಒಳ್ಳೆಯ ದಾರಿಗಳೇ.

ಸಮಯದ ಸೂತ್ರವನ್ನು ಮೂರು ತುಂಡುಗಳಿಗೂ ಹಾಕಿ. 53 ನಿಮಿಷ, 2 ಗಂಟೆ 26 ನಿಮಿಷ, 1 ಗಂಟೆ 34 ನಿಮಿಷ. ಒಟ್ಟು 4 ಗಂಟೆ 53 ನಿಮಿಷ. ನೇರ ಹಾರಾಟಕ್ಕಿಂತ ಒಂದು ಗಂಟೆ ಐದು ನಿಮಿಷ ಹೆಚ್ಚು. ಅದರಲ್ಲಿ ಹೆಚ್ಚುವರಿ ದೂರಕ್ಕೆ ಹೋದದ್ದು ಐದೇ ನಿಮಿಷ. ಉಳಿದ ಒಂದು ಗಂಟೆ ಇನ್ನೆರಡು ಸಲ ಏರಿ ಇಳಿದದ್ದಕ್ಕೆ.

ದೆಹಲಿಯ ದಾರಿ ನೋಡಿ. ಮಂಗಳೂರು–ದೆಹಲಿ 1,750 ಕಿ.ಮೀ., ದೆಹಲಿ–ದಿಬ್ರುಗಢ 1,760. ಒಟ್ಟು 3,510, ಕೋಲ್ಕತ್ತದ ದಾರಿಗಿಂತ 800 ಕಿಲೋಮೀಟರ್ ಹೆಚ್ಚು. ನಕಾಶೆ ನೋಡಿದವರು ಇದು ಸುತ್ತು ಬಳಸು ಎಂದು ತಳ್ಳಿಹಾಕುತ್ತಾರೆ. ಆದರೆ ಸೂತ್ರ ಹಾಕಿದರೆ ವಿಮಾನದೊಳಗಿನ ಹೊತ್ತು 5 ಗಂಟೆ 23 ನಿಮಿಷ, ಕೋಲ್ಕತ್ತದ ದಾರಿಗಿಂತ ಅರ್ಧ ಗಂಟೆ ಮಾತ್ರ ಹೆಚ್ಚು. ಪ್ರತಿಯಾಗಿ ನಡುವಿನ ಒಂದು ಕಾಯುವಿಕೆ ಪೂರ್ತಿ ಉಳಿಯುತ್ತದೆ. ಒಂದು ನಿಲ್ದಾಣದಲ್ಲಿ ಕನಿಷ್ಠ ಎರಡು ಗಂಟೆ ಕಾಯಬೇಕೆಂದಿಟ್ಟುಕೊಂಡರೂ ದೂರದ ದಾರಿ ಒಂದೂವರೆ ಗಂಟೆ ಮೊದಲು ಮುಟ್ಟಿಸುತ್ತದೆ. ಎರಡೂ ತುಂಡುಗಳಿಗೆ ನೇರ ವಿಮಾನವಿದ್ದು, ವೇಳೆಯೂ ಹೊಂದಿದರೆ, ನಮ್ಮ ಸಲಹೆ ದೆಹಲಿಯ ದಾರಿಯೇ. ವೇಳಾಪಟ್ಟಿ ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಬದಲಾಗುತ್ತದೆ. ಹೋದ ಸಲ ಇದ್ದ ಜೋಡಣೆ ಈ ಸಲವೂ ಇದೆಯೇ ಎಂದು ನೋಡಿಯೇ ಹೊರಡಬೇಕು.

ಮನೆಯಿಂದ ಮನೆಗೆ ಕೂಡಿಸೋಣ, ಕೋಲ್ಕತ್ತದ ದಾರಿಯಲ್ಲೇ. ಮಂಗಳೂರು ಪೇಟೆಯಿಂದ ಬಜ್ಪೆಗೆ ಮುಕ್ಕಾಲು ಗಂಟೆ. ಅಲ್ಲಿ ಎರಡು ಗಂಟೆ ಮೊದಲೇ ಇರಬೇಕು. ವೇಳಾಪಟ್ಟಿಯ ಸಡಿಲಿಕೆಯೂ ಸೇರಿ ಹಾರಾಟ ಮೂರೂ ಕೂಡಿ ಐದು ಗಂಟೆ ಇಪ್ಪತ್ತು ನಿಮಿಷ. ಎರಡು ಕಡೆ ಕಾಯುವುದಕ್ಕೆ ನಾಲ್ಕು ಗಂಟೆ. ಲಗೇಜು ಬರುವುದಕ್ಕೆ ಇಪ್ಪತ್ತೈದು ನಿಮಿಷ, ಮೋಹನ್‌ಬಾರಿಯಿಂದ ದಿಬ್ರುಗಢ ಪೇಟೆಯ 15 ಕಿ.ಮೀ. ದಾರಿಗೆ ಅರ್ಧ ಗಂಟೆ. ಒಟ್ಟು ಹದಿಮೂರು ಗಂಟೆ. 2,640 ಕಿಲೋಮೀಟರನ್ನು 13ರಿಂದ ಭಾಗಿಸಿದರೆ ಗಂಟೆಗೆ 203 ಕಿ.ಮೀ.; 830ರ ವೇಗ ಅಷ್ಟಕ್ಕೆ ಇಳಿದಿರುತ್ತದೆ.

ಟಿಕೆಟ್ ತುದಿಯಿಂದ ಹಿಂದಕ್ಕೆ

ಹೆಚ್ಚಿನವರು ಮಂಗಳೂರಿನಿಂದ ಹೊರಡುವ ವಿಮಾನ ಮೊದಲು ಆರಿಸಿ ಆಮೇಲೆ ಮುಂದಿನದನ್ನು ಹುಡುಕುತ್ತಾರೆ. ಇದು ತಿರುಗಾಮುರುಗಾ. ಬೆಂಗಳೂರಿಗೆ ದಿನಕ್ಕೆ ಹಲವು ವಿಮಾನಗಳಿವೆ, ಒಂದು ತಪ್ಪಿದರೆ ಇನ್ನೊಂದು. ಬೇಕಿದ್ದರೆ ರಾತ್ರಿ ಬಸ್ಸೂ ಇದೆ. ದಿಬ್ರುಗಢ ಮುಟ್ಟಿಸುವ ಕೊನೆಯ ತುಂಡಿಗೆ ಇರುವುದು ಕೆಲವೇ. ಅದು ತಪ್ಪಿದರೆ ಮರುದಿನವೇ ಗತಿಯಾಗಬಹುದು. ಆದ್ದರಿಂದ ಮೊದಲು ಕೊನೆಯ ವಿಮಾನ ನಿಗದಿ ಮಾಡಿ, ಅದಕ್ಕೆ ಎರಡರಿಂದ ಮೂರು ಗಂಟೆ ಮೊದಲು ಕೋಲ್ಕತ್ತ ಮುಟ್ಟಿಸುವುದನ್ನು ಆರಿಸಿ, ಹಾಗೆಯೇ ಹಿಂದಕ್ಕೆ ಬನ್ನಿ.

ಮೂರೂ ತುಂಡುಗಳನ್ನು ಒಂದೇ ಪಿಎನ್‌ಆರ್‌ನಲ್ಲಿ ತೆಗೆದರೆ ಲಗೇಜು ಸಾಮಾನ್ಯವಾಗಿ ಮಂಗಳೂರಿನಿಂದ ನೇರ ದಿಬ್ರುಗಢಕ್ಕೆ ಹೋಗುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದೆ ಕಳುಹಿಸುವ ಹೊಣೆ ಸಂಸ್ಥೆಯದ್ದು. ಅಗ್ಗವೆಂದು ಬೇರೆ ಬೇರೆ ಟಿಕೆಟ್ ತೆಗೆದರೆ ಆ ರಕ್ಷಣೆಯಿಲ್ಲ. ಪ್ರತಿ ಊರಿನಲ್ಲೂ ಹೊರಗೆ ಬಂದು, ಬೆಲ್ಟಿನಿಂದ ಲಗೇಜು ಎತ್ತಿಕೊಂಡು, ಮತ್ತೆ ಕೌಂಟರಿಗೆ ಹೋಗಿ, ಭದ್ರತಾ ತಪಾಸಣೆ ದಾಟಬೇಕು. ದೇಶೀಯ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು, ಗೇಟ್ 25 ನಿಮಿಷ ಮೊದಲು ಮುಚ್ಚುತ್ತದೆ. ಲೆಕ್ಕ ಹಾಕಿ: ಇಳಿದು ಲಗೇಜು ಕೈಗೆ ಸಿಗಲು ಅರ್ಧ ಗಂಟೆ, ಬೆಂಗಳೂರಿನಲ್ಲಿ ಟರ್ಮಿನಲ್ ಬದಲಾದರೆ ಬಸ್ಸಿಗೆ ಇನ್ನರ್ಧ ಗಂಟೆ, ಕೌಂಟರಿನ ಸಾಲು, ಅದರ ಮೇಲೆ ಆ 60 ನಿಮಿಷ. ಬೇರೆ ಟಿಕೆಟ್ಟಿಗೆ ಮೂರೂವರೆ ಗಂಟೆಗಿಂತ ಕಡಿಮೆ ಅಂತರ ಇಡಬಾರದು.

ಋತುವನ್ನೂ ನೋಡಬೇಕು. ಡಿಸೆಂಬರ್–ಜನವರಿಯಲ್ಲಿ ಬ್ರಹ್ಮಪುತ್ರ ಕಣಿವೆಯಲ್ಲೂ ದೆಹಲಿಯಲ್ಲೂ ಬೆಳಗಿನ ಮಂಜು ದಟ್ಟ. ಆಗ ದೆಹಲಿಯ ದಾರಿ ಹಿಡಿಯುವವರು ಅಲ್ಲಿಂದ ನಸುಕಿಗೆ ಹೊರಡುವ ವಿಮಾನದ ಬದಲು ಹೊತ್ತೇರಿದ ಮೇಲಿನದ್ದನ್ನು ಆರಿಸುವುದು ಒಳಿತು. ಜೂನ್‌ನಿಂದ ಆಗಸ್ಟ್‌ವರೆಗೆ ತೊಂದರೆ ಬಜ್ಪೆಯ ಕಡೆ. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಅದು, ಎರಡೂ ತುದಿಗೆ ಇಳಿಜಾರು. ಜಡಿಮಳೆಗೆ ಮೋಡ ಗುಡ್ಡದ ಮೇಲೇ ಕೂತರೆ ಬರುವ ವಿಮಾನ ಬೆಂಗಳೂರಿಗೋ ಕಣ್ಣೂರಿಗೋ ಹೋಗಿಬಿಡುತ್ತದೆ. ಅದೇ ವಿಮಾನ ನಿಮ್ಮನ್ನು ಕರೆದೊಯ್ಯಬೇಕಾಗಿದ್ದದ್ದು. ಮಳೆಗಾಲದಲ್ಲಿ ಹಿಂದಿನ ರಾತ್ರಿಯೇ ಬೆಂಗಳೂರು ಸೇರಿಕೊಳ್ಳುವುದು ಬುದ್ಧಿವಂತಿಕೆ. ಇಂಥ ದಿನಗಳಿಗೆಂದೇ ವಿಮಾನ ದಾರಿಯ ಇಂಧನದ ಮೇಲೆ ಬದಲಿ ನಿಲ್ದಾಣ ಮುಟ್ಟುವಷ್ಟು, ಅದರ ಮೇಲೆ ಇನ್ನು ಅರ್ಧ ಗಂಟೆ ಸುತ್ತುವಷ್ಟು ಇಂಧನ ಹೊತ್ತಿರುತ್ತದೆ. ಬೇರೆಡೆ ಇಳಿಸಿದರೆ ಗಾಬರಿಯಾಗಬೇಕಿಲ್ಲ, ಅದು ಮೊದಲೇ ಹಾಕಿಟ್ಟ ಲೆಕ್ಕ.

ಒಂದೇ ಗಡಿಯಾರ, ಎರಡು ಸೂರ್ಯ

ಎರಡೂ ಊರುಗಳ ಗಡಿಯಾರ ಒಂದೇ, 82.5 ಡಿಗ್ರಿ ರೇಖಾಂಶದ ಭಾರತೀಯ ಕಾಲಮಾನ. ಆದರೆ ಸೂರ್ಯ ಒಂದು ಡಿಗ್ರಿ ರೇಖಾಂಶ ದಾಟಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಾನೆ. 20.13 ಡಿಗ್ರಿಗೆ 80 ನಿಮಿಷ. ದಿಬ್ರುಗಢದ ಮಧ್ಯಾಹ್ನ ಮಂಗಳೂರಿನ ಮಧ್ಯಾಹ್ನಕ್ಕಿಂತ ಅಷ್ಟು ಮೊದಲು ಬರುತ್ತದೆ. ಅಕ್ಷಾಂಶದ ವ್ಯತ್ಯಾಸವೂ ಸೇರಿದಾಗ ಅಂತರ ಇನ್ನೂ ಹಿಗ್ಗುತ್ತದೆ. ಡಿಸೆಂಬರ್ ಕೊನೆಯಲ್ಲಿ ದಿಬ್ರುಗಢದಲ್ಲಿ ಸಂಜೆ 4 ಗಂಟೆ 20 ನಿಮಿಷಕ್ಕೆ ಸೂರ್ಯ ಮುಳುಗಿದರೆ ಮಂಗಳೂರಿನಲ್ಲಿ 6 ದಾಟಿ ಹತ್ತು ನಿಮಿಷ. ಜೂನ್ ಕೊನೆಯಲ್ಲಿ ಅಲ್ಲಿ ಬೆಳಗಿನ 4 ಗಂಟೆ 20ಕ್ಕೇ ಬೆಳಕು, ಇಲ್ಲಿ 6ರ ಮೇಲೆ. ಅಸ್ಸಾಮಿನ ಚಹಾ ತೋಟಗಳು ಇದಕ್ಕೆಂದೇ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡು ನಡೆಸುವ ‘ಬಾಗಾನ್ ಸಮಯ’ ರೂಢಿಯಲ್ಲಿದೆ. ತೋಟದವರು ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದರೆ ಯಾವ ಎಂಟು ಎಂದು ಕೇಳಿಕೊಳ್ಳಿ.

ಪ್ರಯಾಣಕ್ಕೆ ಇದರ ಪರಿಣಾಮ ನೇರ. ಚಳಿಗಾಲದಲ್ಲಿ ಸಂಜೆ ಐದಕ್ಕೆ ಮೋಹನ್‌ಬಾರಿಯಲ್ಲಿ ಇಳಿದರೆ ಕತ್ತಲು. ಪೇಟೆಗೆ ಹೋಗುವವರಿಗೆ ತೊಂದರೆಯಿಲ್ಲ, ಆದರೆ ದುಲಿಯಾಜಾನ್, ದಿಗ್ಬೊಯಿ ಅಥವಾ ಅರುಣಾಚಲದ ಕಡೆಗೆ ಹೋಗುವವರು ಮಧ್ಯಾಹ್ನ ಎರಡರೊಳಗೆ ಇಳಿಯುವ ವಿಮಾನ ನೋಡಿಕೊಳ್ಳಬೇಕು, ಕಾರನ್ನೂ ಮೊದಲೇ ಹೇಳಿಟ್ಟಿರಬೇಕು. ಅರುಣಾಚಲಕ್ಕಾದರೆ ಹೊರರಾಜ್ಯದವರಿಗೆ ಬೇಕಾದ ಇನ್ನರ್‌ಲೈನ್ ಪರವಾನಗಿ ಹೊರಡುವ ಮೊದಲೇ ಕೈಯಲ್ಲಿರಲಿ. ಮರಳುವಾಗ ಲೆಕ್ಕ ತಿರುವಿ ಹಾಕಿ: ಚಳಿಗಾಲದಲ್ಲಾದರೆ ಎದುರುಗಾಳಿಗೆ ಇಪ್ಪತ್ತು ನಿಮಿಷ ಕೂಡಿಸಿ, ಮಂಗಳೂರಿಗೆ ಹೋಗುವ ರಾತ್ರಿಯ ಕೊನೆಯ ವಿಮಾನ ಬೆಂಗಳೂರಿನಿಂದ ಎಷ್ಟಕ್ಕೆ ಎಂದು ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದು ದಿಬ್ರುಗಢದ ವಿಮಾನವನ್ನು ಆರಿಸಿ.